ಕೆಂಪು ಟೋಪಿ, ಬಿಳಿ ಹಂಸ

ಇಂದಿನ ಸಭೆಯ ಅಧ್ಯಕ್ಷರೂ, ಇಲ್ಲಿರುವ ಬಹುತೇಕ ಎಲ್ಲರ ಹಲ್ಲಿನ ಗುಟ್ಟು ಬಲ್ಲವರೂ ಆದ ಡಾಕ್ಟರ್ ಖೋ ಬೂನ್ ಪಿನ್ ಅವರೇ, ಈ ಸಭಾಂಗಣವನ್ನು ಒದಗಿಸಿಕೊಟ್ಟ ಗ್ರಂಥಾಲಯದ ಹಿರಿಯರೇ, ಎರಡನೆಯ ಸಾಲಿನಲ್ಲಿ ಕುಳಿತು ಈಗಾಗಲೇ ಗಡಿಯಾರ ನೋಡುತ್ತಿರುವ ದೋಣಿ ಕಂಪನಿಯ ಮ್ಯಾನೇಜರ್ ಶ್ರೀ ಯಾಪ್ ಅವರೇ, ಇಂದಿನ ಸನ್ಮಾನಿತರಾದ ಶ್ರೀ ಹಮ್ದಾನ್ ಅವರೇ, ಅವರ ಪತ್ನಿ ಶ್ರೀಮತಿ ರೊಹಾನಾ ಅವರೇ, ಕೆರೆದಂಡೆ ಚಿತ್ರಕಾರರ ಬಳಗದ ಗೆಳೆಯ ಗೆಳತಿಯರೇ, ಮತ್ತು ಹೊರಗೆ ಮಳೆ ಹೊಡೆಯುತ್ತಿರುವುದರಿಂದ ಒಳಗೆ ಬಂದು ಕುಳಿತಿರುವ ಸಭಿಕರೇ, ನಿಮಗೆಲ್ಲರಿಗೂ ನನ್ನ ವಂದನೆಗಳು.

ಕೊನೆಯಲ್ಲಿ ಹೇಳಿದವರು ಸಂಕೋಚಪಡಬೇಕಾಗಿಲ್ಲ. ನಮ್ಮ ತೈಪಿಂಗಿನಲ್ಲಿ ಯಾವ ಸಭೆ ತಾನೇ ಮಳೆಯ ಸಹಾಯವಿಲ್ಲದೆ ತುಂಬಿದೆ? ಮಳೆ ಎಷ್ಟು ಹೊತ್ತಿಗೆ ಬರುತ್ತದೆಂದು ಪಂದ್ಯ ಕಟ್ಟಿ ಆಡುತ್ತಿದ್ದ ಊರು ಇದು. ಇಂಥ ಊರಿನಲ್ಲಿ, ಬಯಲಿನಲ್ಲಿ ಕುಳಿತು, ನೀರುಬಣ್ಣದಲ್ಲಿ ಚಿತ್ರ ಬರೆಯುತ್ತೇವೆಂದು ಹೊರಟ ನಮ್ಮನ್ನು ಜನ ಏನೆಂದುಕೊಂಡಿರಬೇಡ! ನನ್ನ ಒಡಹುಟ್ಟಿದ ತಂಗಿಯೇ ಕೇಳಿದ್ದಳು: "ಅಕ್ಕಾ, ಬಣ್ಣ ಯಾಕೆ ಹೊತ್ಕೊಂಡು ಹೋಗ್ತೀಯಾ? ಕಾಗದ ಹಿಡ್ಕೊಂಡು ನಿಂತ್ಕೋ ಸಾಕು. ಮಿಕ್ಕಿದ್ದು ಮಳೆನೇ ಮಾಡುತ್ತೆ." ಅವಳ ಮಾತು ಪೂರ್ತಿ ತಪ್ಪೆಂದು ಹೇಳಲಾರೆ. ಈ ಗೋಡೆಯ ಮೇಲಿನ ಕೆಲವು ಚಿತ್ರಗಳಿಗೆ ಸಹಿ ಹಾಕುವ ಹಕ್ಕು ನಿಜವಾಗಿ ಮಳೆಗೇ ಇದೆ.

ನನ್ನ ಹೆಸರು ಪುಷ್ಪರಾಣಿ. ಬಳಗದ ಕಾರ್ಯದರ್ಶಿ. ನಿಮ್ಮಲ್ಲಿ ಅರ್ಧ ಜನ ನನ್ನ ಹತ್ತಿರ ಗಣಿತ ಕಲಿತವರು. ಹೆದರಬೇಡಿ, ಇವತ್ತು ಯಾರನ್ನೂ ಎಬ್ಬಿಸಿ ನಿಲ್ಲಿಸುವುದಿಲ್ಲ. ಕೆರೆಯ ದೋಣಿಕಟ್ಟೆಯಲ್ಲಿ ಇಷ್ಟು ವರ್ಷ ದುಡಿದು ನಿವೃತ್ತರಾಗುತ್ತಿರುವ ಹಮ್ದಾನ್ ಅವರನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಾಲ್ಕೇ ಮಾತು ಎಂದು ಅವರು ಒತ್ತಿ ಹೇಳಿದರು. ಗಣಿತದ ಟೀಚರಾದರೂ ಮಾತಿನ ವಿಷಯದಲ್ಲಿ ನನಗೆ ಎಣಿಕೆ ಬರುವುದಿಲ್ಲ.

ದಯವಿಟ್ಟು ಒಮ್ಮೆ ತಿರುಗಿ ಗೋಡೆಗಳನ್ನು ನೋಡಿ. ಎಷ್ಟು ಚಿತ್ರ! ಕೆರೆ, ಕೆರೆಗೆ ಬಾಗಿದ ಮಳೆಮರಗಳು, ಹಿಂದೆ ಮೋಡ ಹೊದ್ದ ಬೆಟ್ಟ. ಪ್ರತಿ ಚಿತ್ರದಲ್ಲೂ ಎಲ್ಲೋ ಒಂದು ಕಡೆ ಪುಟ್ಟ ಕೆಂಪು ಚುಕ್ಕೆ ಇದೆ. ಕಂಡಿತೇ? ಅದು ಹಮ್ದಾನ್ ಅವರ ಟೋಪಿ. ನಮಗೆ ಕುಂಚ ಹಿಡಿಯಲು ಕಲಿಸಿದ ಡಾಕ್ಟರ್ ಖೋ ಹೇಳುತ್ತಿದ್ದರು: "ಹಸಿರು ಜಾಸ್ತಿ ಆದ್ರೆ ಒಂದು ಚೂರು ಕೆಂಪು ಇಡಿ. ಚಿತ್ರ ಉಸಿರಾಡುತ್ತೆ." ನಮ್ಮ ಪುಣ್ಯಕ್ಕೆ ಆ ಕೆಂಪು ತಾನಾಗಿ ಪ್ರತಿ ಭಾನುವಾರ ದೋಣಿಕಟ್ಟೆಯ ಮೇಲೆ ಓಡಾಡುತ್ತಿತ್ತು.

ನಾವು ಬರೆಯುವ ರೀತಿ ಗೊತ್ತಿಲ್ಲದವರಿಗೆ ಒಂದು ಮಾತು. ನಾವು ಮರಕ್ಕೆ ಎಲೆ ಬರೆಯುವುದಿಲ್ಲ, ನೀರಿಗೆ ಅಲೆ ಬರೆಯುವುದಿಲ್ಲ, ಮನುಷ್ಯರಿಗೆ ಕಣ್ಣು ಮೂಗು ಬರೆಯುವುದಿಲ್ಲ. ಒದ್ದೆ ಕಾಗದದ ಮೇಲೆ ಬಣ್ಣ ಬಿಡುತ್ತೇವೆ. ಅದು ಹರಿದ ಕಡೆ ಹರಿಯಲಿ ಎಂದು ಕಾಯುತ್ತೇವೆ. ಹರಿಯಬಾರದ ಕಡೆ ಹರಿದರೆ "ಬೇಕಂತಲೇ ಬಿಟ್ಟೆ" ಎನ್ನುತ್ತೇವೆ. ಜೀವನವಿಡೀ "ಉತ್ತರ ಒಂದೇ, ಅದು ಸರಿ ಇರಬೇಕು" ಎಂದು ಮಕ್ಕಳ ತಲೆ ಕುಟ್ಟಿದವಳಿಗೆ ಇದು ಎಂಥ ಬಿಡುಗಡೆ ಎಂದು ಯೋಚಿಸಿ ನೋಡಿ!

ಬಿಡುಗಡೆ ಬೇಕಾಗಿದ್ದದ್ದು ಶಾಲೆಯಿಂದ ಮಾತ್ರವಲ್ಲ. ನಮ್ಮ ಯಜಮಾನರು ತಿರುಚೆಲ್ವಂ ಅವರು ನಿಮಗೆಲ್ಲ ಗೊತ್ತು. ಅಗೋ, ಬಾಗಿಲ ಪಕ್ಕದ ಕುರ್ಚಿಯಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಾರೆ. ಭೂಮಾಪನ ಇಲಾಖೆಯಲ್ಲಿದ್ದವರು. ಮನೆಯಲ್ಲಿ ಕ್ಯಾಲೆಂಡರು ಕೂದಲೆಳೆಯಷ್ಟು ವಾಲಿದ್ದರೂ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಮಾತು ಮೊದಲೇ ಕಡಿಮೆ. ನಿವೃತ್ತಿಯಾದ ಮೇಲೆ ಅದೂ ನಿಂತಿತು. ಬೆಳಗ್ಗೆ ಜಗಲಿಯ ಕುರ್ಚಿಯಲ್ಲಿ ಕುಳಿತರೆ ಸಂಜೆಗೆ ಏಳುವುದು. "ಕಾಫಿ ಕೊಡ್ಲಾ?" ಎಂದರೆ ತಲೆ ಆಡಿಸುವರು. ಹೂಂ ಎಂದೋ ಊಹೂಂ ಎಂದೋ ನಾನೇ ಊಹಿಸಿಕೊಳ್ಳಬೇಕು. ಭಾನುವಾರ ಬೆಳಕು ಹರಿಯುವುದರೊಳಗೆ ನಾನು ಬಣ್ಣದ ಚೀಲ ಹೊತ್ತು ಹೊರಟುಬಿಡುತ್ತಿದ್ದೆ. ಬೆಳಗಿನ ಬೆಳಕು ಚೆನ್ನಾಗಿರುತ್ತದೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಬೆಳಕು ಚೆನ್ನಾಗಿಯೇ ಇರುತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ಅದಿರಲಿ, ಹಮ್ದಾನ್ ಅವರ ವಿಷಯಕ್ಕೆ ಬರೋಣ.

ಬರುವ ಮೊದಲು ಇಷ್ಟು ಹೇಳಲೇಬೇಕು. ಒಂದು ಭಾನುವಾರ ನಮ್ಮ ಯಜಮಾನರು, ಏನೂ ಹೇಳದೆ, ನನ್ನ ಹಿಂದೆಯೇ ಬಂದರು. ಕೈಯಲ್ಲಿ ಸ್ಕೇಲು! ನಾವೆಲ್ಲ ಎರಡು ಚಿತ್ರ ಮುಗಿಸುವಷ್ಟರಲ್ಲಿ ಅವರು ಸೇತುವೆಯ ಕಟಾಂಜನದ ಕಂಬಿಗಳಿಗೆ ಗೆರೆ ಎಳೆದು ಮುಗಿಸಿದ್ದರು. ನಮ್ಮ ಬಳಗದ ಫೆಲಿಸಿಯಾ ಬಗ್ಗಿ ನೋಡಿ, "ಅಂಕಲ್, ಆ ಕಸದ ಡಬ್ಬಿ ಯಾಕೆ ಬರೀತೀರಾ? ಬಿಟ್ಬಿಡಿ" ಎಂದಳು. ಇವರು ತಲೆ ಎತ್ತದೆ, "ಅದು ಅಲ್ಲಿದೆ" ಎಂದರು. ಅಷ್ಟೇ. ಕಣ್ಣಿಗೆ ಕಂಡದ್ದನ್ನು ಬಿಡುವಂತಿಲ್ಲ, ಕಾಣದ್ದನ್ನು ಸೇರಿಸುವಂತಿಲ್ಲ. ಅದು ಅವರ ಕಾಯಿದೆ.

ಈಗ ಹಮ್ದಾನ್ ಅವರ ವಿಷಯ. ನಾಲ್ಕು ವರ್ಷದ ಹಿಂದಿನ ಮಾತು. ಅವತ್ತೂ ಭಾನುವಾರ. ನಾವು ಕೆರೆಯ ಈಚೆ ದಂಡೆಯಲ್ಲಿ ಸಾಲಾಗಿ ಕುಳಿತು ದೋಣಿಕಟ್ಟೆ ಬರೆದೆವು. ಎದುರಿಗೆ ಹಂಸದ ಆಕಾರದ ಬಿಳಿಯ ಪೆಡಲ್ ದೋಣಿಗಳು ಒಂದರ ಪಕ್ಕ ಒಂದು ಕಟ್ಟಿಸಿಕೊಂಡು ನಿಂತಿದ್ದವು. ಬೇಗ ಮುಗಿಸಿದೆವು, ಏಕೆಂದರೆ ಹಸಿವಾಗಿತ್ತು. ಚಿತ್ರಗಳನ್ನು ಒಣಗಲು ಬಿಟ್ಟು ನಾಸಿ ಲೆಮಾಕ್ ತಿನ್ನಲು ರಸ್ತೆಯಾಚೆಯ ಅಂಗಡಿಗೆ ಹೋದೆವು. ನಮ್ಮ ಯಜಮಾನರು ಬರಲಿಲ್ಲ. ಅವರ ಸ್ಕೇಲಿನ ಕೆಲಸವೇ ಇನ್ನೂ ಮುಗಿದಿರಲಿಲ್ಲ.

ಕೆರೆಯ ಆಚೆ ತುದಿಯಲ್ಲಿ ಒಂದು ಮದುವೆ ಜೋಡಿ ಫೋಟೋ ತೆಗೆಸಿಕೊಳ್ಳುತ್ತಿತ್ತು. ಛಾಯಾಗ್ರಾಹಕ ಮಹಾಶಯರು ಮೊಣಕಾಲಿನವರೆಗೆ ನೀರಿಗಿಳಿದು, ಮುಕ್ಕಾಲಿಯ ಮೇಲೆ ಕ್ಯಾಮರಾ ನಿಲ್ಲಿಸಿ, "ನಗಿ, ನಗಿ" ಎನ್ನುತ್ತಿದ್ದರಂತೆ. ಆಗ ಅವರ ಬೆನ್ನ ಹಿಂದಿನಿಂದ, ಯಾರೂ ತುಳಿಯದೆ, ಯಾರೂ ಕೂರದೆ, ಒಂದು ದೊಡ್ಡ ಬಿಳಿ ಹಂಸ ತೇಲಿ ಬಂತು. ನಿಧಾನವಾಗಿ ಬಂದು ಸೊಂಟಕ್ಕೆ ಒಂದು ಗುದ್ದು ಕೊಟ್ಟಿತು. ಛಾಯಾಗ್ರಾಹಕರು ಒಂದು ಕಡೆ ಮುಳುಗಿದರು, ಕ್ಯಾಮರಾ ಇನ್ನೊಂದು ಕಡೆ. ನಗುತ್ತೀರಾ? ನಾವೂ ಅಂಗಡಿಯಲ್ಲಿ ಸುದ್ದಿ ಕೇಳಿ ನಕ್ಕೆವು. ಹಮ್ದಾನ್ ಅವರ ಮನೆಯಲ್ಲಿ ಯಾರೂ ನಗಲಿಲ್ಲ.

ಶನಿವಾರ ಸಂಜೆ ದೋಣಿಯನ್ನು ಸರಿಯಾಗಿ ಕಟ್ಟದೆ ಹೋಗಿದ್ದಾರೆ, ಭಾನುವಾರ ಬೆಳಗ್ಗೆ ತಾವೂ ಕಟ್ಟೆಯಲ್ಲಿರಲಿಲ್ಲ ಎಂದು ಕಂಪನಿಯವರು ಆರೋಪ ಹೊರಿಸಿದರು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದರು. ಶ್ರೀ ಯಾಪ್ ಅವರೇ, ನೀವು ನೆಲ ನೋಡಬೇಕಾಗಿಲ್ಲ. ನಿಮ್ಮ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು.

ಸೋಮವಾರ ಸಂಜೆ ರೊಹಾನಾ ನಮ್ಮ ಮನೆಗೆ ಬಂದರು. ಕೈಯಲ್ಲಿ ಬಾಳೆಹಣ್ಣಿನ ಕಡುಬಿನ ಡಬ್ಬಿ, ಕಣ್ಣು ಕೆಂಪಗೆ ಊದಿತ್ತು.

"ಟೀಚರ್, ಅವತ್ತು ನೀವೆಲ್ಲಾ ಅಲ್ಲೇ ಕೂತಿದ್ರಲ್ಲ. ನಿಮ್ ಚಿತ್ರದಲ್ಲಿ ಇವ್ರು ಇದ್ದೇ ಇರ್ತಾರೆ. ಅದನ್ನ ತೋರಿಸಿದ್ರೆ ಸಾಕಲ್ವಾ?"

"ಹಮ್ದಾನ್ ಏನಂತಾರೆ?" ಎಂದೆ.

"ನಾನು ಕಟ್ಟಿದ್ದೆ ಅಂತಾರೆ. ಅಷ್ಟೇ. ಮುಂದಕ್ಕೆ ಏನ್ ಕೇಳಿದ್ರೂ ಬಾಯಿಗೆ ಬೀಗ. ಈ ವಯಸ್ಸಲ್ಲಿ ಇನ್ಯಾರು ಕೆಲಸ ಕೊಡ್ತಾರೆ, ಹೇಳಿ. ಕೆರೆ ಬಿಟ್ರೆ ಬೇರೆ ಏನ್ ಗೊತ್ತು ಈ ಮನುಷ್ಯಂಗೆ?"

ಜಗಲಿಯಲ್ಲಿ ನಮ್ಮ ಯಜಮಾನರು ಪತ್ರಿಕೆ ಓದುತ್ತಿದ್ದರು. ರೊಹಾನಾ ಬಂದು ಹೋಗುವವರೆಗೂ ಒಂದು ಹಾಳೆಯನ್ನೂ ತಿರುಗಿಸಲಿಲ್ಲ ಎಂಬುದು ನನ್ನ ಗಮನಕ್ಕೆ ಬಂದದ್ದು ಆಮೇಲೆ.

ವಿಚಾರಣೆಯ ದಿನ ಬೆಳಗ್ಗೆ ನಾನು ಬಳಗದವರ ಚಿತ್ರಗಳನ್ನೆಲ್ಲ ಸುತ್ತಿ ಚೀಲಕ್ಕೆ ತುಂಬುತ್ತಿದ್ದೆ. ಇವರು ತಮ್ಮದನ್ನೂ ತಂದು ಮುಂದೆ ಹಿಡಿದರು. ಮುಗಿಯದ ಚಿತ್ರ. "ನಿಮ್ದು ಬೇಡ ಬಿಡ್ರೀ" ಎಂದೆ.

"ಎಲ್ಲರದೂ ಅಂದ್ಮೇಲೆ ಎಲ್ಲರದೂ" ಎಂದು ತಾವೇ ಚೀಲದೊಳಗೆ ಇಟ್ಟರು.

ದೋಣಿಕಟ್ಟೆಯ ಪಕ್ಕದ ಆ ಪುಟ್ಟ ಆಫೀಸು. ಒಂದು ಮೇಜು, ಒಂದು ಫ್ಯಾನು, ನಾವಿಷ್ಟೂ ಜನ. ಮೂಲೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಹಮ್ದಾನ್, ಅವರ ಪಕ್ಕ ರೊಹಾನಾ. ನನ್ನ ಚಿತ್ರಗಳನ್ನು ಅಷ್ಟು ಗಮನವಿಟ್ಟು ನೋಡಿದವರು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಶ್ರೀ ಯಾಪ್ ಬೆರಳಿಟ್ಟು ಕೇಳಿದರು:

"ಟೀಚರ್, ಇದು ದೋಣಿನಾ, ಬಾತುಕೋಳಿನಾ?"

"ದೋಣಿ."

"ಇದು?"

"ಅದೂ ದೋಣಿ."

"ಇಲ್ಲಿ ಇನ್ನೊಂದು ಇದೆಯಲ್ಲ?"

"ಅಲ್ಲಿ... ನನ್ನ ಮೊಣಕೈ ತಗುಲಿತ್ತು."

"ಸರಿ. ಈ ಕೆಂಪು ಯಾರು?"

ರೊಹಾನಾ ತಡೆಯಲಾರದೆ, "ಇವರೇ, ಇವರ ಟೋಪಿನೇ!" ಎಂದರು. ಶ್ರೀ ಯಾಪ್ ಉಳಿದ ಚಿತ್ರಗಳನ್ನು ಬಿಡಿಸಿದರು. ಡಾಕ್ಟರ್ ಖೋ ಅವರ ಕೆಂಪು ಮರದ ಬುಡದಲ್ಲಿತ್ತು. ಇನ್ನೊಬ್ಬರದು ಸೇತುವೆಯ ಮೇಲೆ. ಫೆಲಿಸಿಯಾಳದು ಕೆರೆಯ ನಟ್ಟನಡುವೆ. "ಇದೇನು, ಇವ್ರು ನೀರ್ ಮೇಲೆ ನಡೀತಾರಾ?" ಎಂದರು ಶ್ರೀ ಯಾಪ್. ಡಾಕ್ಟರು ಗಂಟಲು ಸರಿಮಾಡಿಕೊಂಡು, "ಹಸಿರು ಜಾಸ್ತಿ ಆದ್ರೆ..." ಎಂದು ಶುರು ಮಾಡಿ, ಮುಂದುವರಿಸದೆ ನಿಲ್ಲಿಸಿದರು.

ಆಗ ಶ್ರೀ ಯಾಪ್ ನನ್ನನ್ನು ನೇರವಾಗಿ ಕೇಳಿದರು: "ಟೀಚರ್, ನೀವು ಹೇಳಿದ್ರೆ ನಾನು ನಂಬ್ತೀನಿ. ಅವತ್ತು ಬೆಳಗ್ಗೆ ಹಮ್ದಾನ್ ಅಲ್ಲಿದ್ದದ್ದನ್ನ ಕಣ್ಣಾರೆ ನೋಡಿದ್ರಾ?"

ನೋಡಿದೆ ಎಂದರೆ ಮುಗಿಯುತ್ತಿತ್ತು. ರೊಹಾನಾ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿ ಆ ಬೆಳಗನ್ನು ನೆನೆದೆ. ಮೋಡ ನೆನಪಾಯಿತು. ನೀರಿನ ಬೂದು ನೆನಪಾಯಿತು. ಆ ಮನುಷ್ಯ? ವರ್ಷಾನುಗಟ್ಟಲೆ ಪ್ರತಿ ವಾರ ಅವರನ್ನು ಬರೆದಿದ್ದೆ. ಬರೆದದ್ದು ನಿಜ, ನೋಡಿದ್ದೆನೇ?

"ನೋಡಿದೆ ಅಂತ ಹೇಳೋಕೆ ಆಗಲ್ಲ" ಎಂದೆ. "ಅಲ್ಲೊಂದು ಕೆಂಪು ಬೇಕಿತ್ತು. ಇಟ್ಟೆ."

ರೊಹಾನಾ ತಲೆ ತಗ್ಗಿಸಿದರು. ಆ ಕ್ಷಣಕ್ಕೆ ತಲೆಗೆ ಹೊಳೆದದ್ದು ಬಿಳಿ. ನಾನು ಹೇಳಿದೆ: "ಯಾಪ್, ಕೆಂಪನ್ನ ಬಿಡು, ಬಿಳಿ ನೋಡು. ನಾವು ಬಿಳಿ ಬಣ್ಣ ಹಚ್ಚೋದೇ ಇಲ್ಲ. ಬಿಳಿ ಅಂದ್ರೆ ಬಿಟ್ಟ ಕಾಗದ. ಕೆಂಪನ್ನ ಕೊನೇಲಿ ಎಲ್ಲಿ ಬೇಕಾದ್ರೂ ಇಡಬಹುದು. ಬಿಳಿನ ಮೊದಲೇ ನೋಡಿ, ಮೊದಲೇ ಬಿಡಬೇಕು. ಬಣ್ಣ ಬಿದ್ದ ಮೇಲೆ ವಾಪಸ್ ತರೋಕಾಗಲ್ಲ." ಅವನನ್ನು, ಕ್ಷಮಿಸಿ, ಶ್ರೀ ಯಾಪ್ ಅವರನ್ನು ಏಕವಚನದಲ್ಲಿ ಕರೆದುಬಿಟ್ಟಿದ್ದೆ. ಎಂಟನೇ ತರಗತಿಯಲ್ಲಿ ನನ್ನ ಶಿಷ್ಯ.

ಶ್ರೀ ಯಾಪ್ ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟರು. ಕೆಂಪು ಊರೆಲ್ಲ ಅಲೆದಿತ್ತು. ಬಿಳಿ ಮಾತ್ರ ಎಲ್ಲರ ಕಾಗದದಲ್ಲೂ ಒಂದೇ ಕಡೆ, ಕಟ್ಟೆಗೆ ಒತ್ತಿಕೊಂಡು, ಸಾಲಾಗಿ, ಒಂದೂ ತಪ್ಪದೆ. ಅಂದರೆ ಶನಿವಾರ ಕಟ್ಟಿದ ದೋಣಿ ಭಾನುವಾರ ಬೆಳಗ್ಗೆ ಕಟ್ಟಿಯೇ ಇತ್ತು. ನಾವೆಲ್ಲ ಉಸಿರು ಬಿಟ್ಟೆವು. ಆದರೆ ಶ್ರೀ ಯಾಪ್ ಚೀಲದಿಂದ ಕೊನೆಯ ಚಿತ್ರ ತೆಗೆದರು.

"ಇದರಲ್ಲಿ ಬೇರೆ ಥರ ಇದೆಯಲ್ಲ?"

ನಮ್ಮ ಯಜಮಾನರ ಚಿತ್ರ. ಪ್ರತಿ ಹಲಗೆ, ಪ್ರತಿ ಕಂಬಿ, ಕಸದ ಡಬ್ಬಿ, ಎಲ್ಲವೂ ಇದ್ದಲ್ಲೇ ಇದ್ದವು. ಒಂದು ಹಂಸ ಮಾತ್ರ ಸಾಲು ಬಿಟ್ಟು, ಬಾಗಿದ ಮಳೆಮರದ ಕೊಂಬೆಯ ಕೆಳಗೆ, ನೆರಳಿನಲ್ಲಿ ಒಂಟಿಯಾಗಿ ನಿಂತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಬಹಳ ಚೆಂದವಿತ್ತು.

"ಇದನ್ನ ಇವ್ರೂ ಸುಮ್ನೆ ಇಟ್ಟಿದ್ದಾ?" ಎಂದರು ಶ್ರೀ ಯಾಪ್.

ಈ ಮನುಷ್ಯ ಸುಮ್ಮನೆ ಏನನ್ನೂ ಇಡುವವರಲ್ಲ ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ನಮ್ಮ ಯಜಮಾನರು ಎದ್ದು ನಿಂತರು. "ನಾನು ಕಂಡದ್ದನ್ನಷ್ಟೇ ಬರೆಯೋದು."

"ಹಾಗಾದ್ರೆ ದೋಣಿ ಅಲ್ಲಿಗೆ ಹೇಗೆ ಹೋಯ್ತು ಅಂಕಲ್?"

"ನಾನೇ ಬಿಚ್ಚಿ, ಎಳೆದು ತಂದೆ. ಅಲ್ಲಿದ್ರೆ ಚಿತ್ರ ಚೆನ್ನಾಗಿರುತ್ತೆ ಅನ್ನಿಸ್ತು. ಕೊಂಬೆಗೆ ಕಟ್ಟಿದ್ದೆ. ಕಟ್ಟೋಕೆ ಬರಲಿಲ್ಲ ಅಂತ ಕಾಣುತ್ತೆ."

ಸಭಿಕರೇ, ನಾವಾದರೆ ಕುಂಚದ ತುದಿಯಲ್ಲಿ ಬೆಟ್ಟವನ್ನೇ ಸರಿಸಿಬಿಡುತ್ತೇವೆ. ಆ ಪುಣ್ಯಾತ್ಮರಿಗೆ ಸುಳ್ಳು ಬರೆಯಲು ಬಾರದು. ಅದಕ್ಕೇ ನಿಜವಾದ ದೋಣಿಯನ್ನೇ ಸರಿಸಿದ್ದರು. ಸೋಮವಾರದಿಂದ ಬಾಯಲ್ಲಿ ಹೇಳಲಾರದ ಮಾತನ್ನು ಅವತ್ತು ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಶ್ರೀ ಯಾಪ್ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ನಾನು ಭಾವಿಸಿದೆ. ಹೊಟ್ಟೆ ಕುಣಿಯುತ್ತಿದ್ದುದನ್ನು ನೋಡಿದ ಮೇಲೆ ಗೊತ್ತಾಯಿತು.

ಹಮ್ದಾನ್ ಮರುದಿನವೇ ಕೆಲಸಕ್ಕೆ ಮರಳಿದರು. ಕ್ಯಾಮರಾದ ನಷ್ಟವನ್ನು ನಮ್ಮ ಯಜಮಾನರು ಭರಿಸಿದರು. ಅದರೊಳಗಿದ್ದ ಫೋಟೋಗಳು ಹೇಗೋ ಉಳಿದಿದ್ದವು. ಕಟ್ಟಕಡೆಯ ಫೋಟೋದಲ್ಲಿ ಹಂಸ ಬರುವುದನ್ನು ಕಂಡ ಮದುಮಗಳು ಬಾಯಿ ತೆರೆದು ನಗುತ್ತಿದ್ದಾಳಂತೆ. ಉಳಿದವನ್ನೆಲ್ಲ ಬಿಟ್ಟು ಆ ಜೋಡಿ ಅದಕ್ಕೇ ಕಟ್ಟು ಹಾಕಿಸಿದೆ.

ಮುಂದಿನ ಭಾನುವಾರ ನಾನು ದೋಣಿಕಟ್ಟೆಗೆ ಹೋಗಿ ಹಮ್ದಾನ್ ಅವರನ್ನು ಕೇಳಿದೆ: "ನೀವು ಅಲ್ಲೇ ಮೆಟ್ಟಿಲು ಗುಡಿಸ್ತಾ ಇದ್ರಿ ಅಂತ ನಮ್ಮೋರು ಹೇಳಿದ್ರು. ಇವರು ಎಳೆಯೋದನ್ನ ನೋಡಿದ್ರಿ. ಯಾಕೆ ಹೇಳಲಿಲ್ಲ?"

ಅವರು ಹಗ್ಗ ಸುತ್ತುತ್ತಲೇ ಹೇಳಿದರು: "ಏನಂತ ಹೇಳ್ಲಿ ಟೀಚರ್? ಸಾರ್ ಪ್ಯಾಂಟ್ ಮಡಚ್ಕೊಂಡು, ಶೂ ಎರಡೂ ಕಂಕುಳಲ್ಲಿ ಇಟ್ಕೊಂಡು ನೀರಿಗೆ ಇಳಿದ್ರು. ಹಂಸದ ಕತ್ತು ಹಿಡ್ಕೊಂಡು ಎಳೀತಾ ಹಾಡು ಹೇಳ್ಕೊತಿದ್ರು. ಆಮೇಲೆ ನೋಡಿ ಬಿಗಿಯಾಗಿ ಕಟ್ಟೋಣ ಅಂದ್ಕೊಂಡೆ, ಚಾ ಕುಡಿಯೋಕೆ ಹೋದೋನು ಮರೆತೆ. ಗಂಟು ನೋಡೋದು ನನ್ ಕೆಲಸ ತಾನೇ? ಅವರ ಹೆಸರು ಯಾಕೆ ಎತ್ಲಿ?"

"ಹಾಡ್ತಿದ್ರಾ?" ಎಂದೆ. "ನಮ್ಮೋರಾ?"

"ಹೂಂ. ಚೆನ್ನಾಗೇ ಹಾಡ್ತಾರೆ."

ಯಾವ ಹಾಡು ಎಂದು ನಾನು ಕೇಳಲಿಲ್ಲ. ಸ್ವಂತ ಗಂಡನ ಹಾಡನ್ನು ದೋಣಿಯವರ ಹತ್ತಿರ ವಿಚಾರಿಸುವುದು ಹೇಗೆ, ನೀವೇ ಹೇಳಿ?

ಹೀಗೆ ವರ್ಷಗಳು ಕಳೆದವು. ಕಳೆದ ತಿಂಗಳು ಹಮ್ದಾನ್ ನಿವೃತ್ತರಾಗುವ ಸುದ್ದಿ ಬಂತು. ನಾವೆಲ್ಲ ಸಹಿ ಮಾಡಿದ ದೊಡ್ಡದೊಂದು ಕೆರೆಯ ಚಿತ್ರವನ್ನು ಕಾಣಿಕೆಯಾಗಿ ಕೊಡುವುದೆಂದು ಡಾಕ್ಟರ್ ಖೋ ಪ್ರಸ್ತಾಪಿಸಿದರು. ಹಮ್ದಾನ್ ತಲೆ ಕೆರೆದುಕೊಂಡರು.

"ಬೇಡ ಅಂತಲ್ಲ ಡಾಕ್ಟ್ರೇ. ನಿಮ್ ಚಿತ್ರ ಎಲ್ಲಾದರಲ್ಲೂ ನಾನಿದ್ದೀನಿ ಅಂತೀರಿ, ಸಂತೋಷ. ಆದ್ರೆ ಮನೆಗೆ ತಗೊಂಡ್ ಹೋದ್ರೆ ಮೊಮ್ಮಗಳು ತಾತ ಎಲ್ಲಿ ಅಂತ ಕೇಳ್ತಾಳೆ. ಈ ಚುಕ್ಕೆ ಕಣಮ್ಮಾ ಅಂತ ತೋರಿಸ್ಲಾ? ಕೊಡೋದಾದ್ರೆ ಒಂದು ಮುಖ ಇರೋದು ಕೊಡಿ."

ಎಲ್ಲರೂ ನಮ್ಮ ನಮ್ಮ ಚಪ್ಪಲಿ ನೋಡಿಕೊಂಡೆವು. ಮುಖ ಬರೆಯಲು ನಮ್ಮಲ್ಲಿ ಯಾರಿಗೆ ಬರುತ್ತದೆ? ಮುಖ ಬರೆಯಬೇಕಾದರೆ ಮುಖ ನೋಡಬೇಕಲ್ಲ! ಆಮೇಲೆ ಒಬ್ಬೊಬ್ಬರಾಗಿ ನಮ್ಮ ಯಜಮಾನರ ಕಡೆ ತಿರುಗಿದೆವು.

ಅಲ್ಲಿಂದ ಮುಂದೆ ದಿನವೂ ಮಧ್ಯಾಹ್ನ ಹಮ್ದಾನ್ ನಮ್ಮ ಜಗಲಿಗೆ ಬಂದು ಕೂರತೊಡಗಿದರು. ಇವರು ಎದುರಿಗೆ ಕುಳಿತು ಬರೆಯತೊಡಗಿದರು. ಅಡುಗೆಮನೆಯ ಕಿಟಕಿ ಆ ಜಗಲಿಗೇ ತೆರೆಯುತ್ತದೆ. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಸಭಿಕರೇ, ಆ ಜಗಲಿಯಲ್ಲಿ ನಡೆದ ಮಾತುಗಳೆಷ್ಟು! ಕಾಡಿನಲ್ಲಿ ಅಳತೆಗೆ ಹೋದಾಗ ಜಿಗಣೆ ಕಚ್ಚಿದ್ದು, ಡೇರೆಯ ಹೊರಗೆ ಆನೆ ಬಂದು ನಿಂತದ್ದು, ಸತ್ತುಹೋದ ಅಣ್ಣನಿಂದ ಹಾಡು ಕಲಿತದ್ದು, ಆಫೀಸಿನ ಕೊನೆಯ ದಿನ ಮೇಜಿನ ಮುಂದೆ ಎಷ್ಟೋ ಹೊತ್ತು ಸುಮ್ಮನೆ ಕೂತದ್ದು. ನಲವತ್ತು ವರ್ಷದಲ್ಲಿ ನನಗೆ ಹೇಳದ್ದನ್ನೆಲ್ಲ ಹಮ್ದಾನ್ ಅವರಿಗೆ ಹೇಳುತ್ತಿದ್ದರು. ಹಮ್ದಾನ್ "ಹೌದಾ ಸಾರ್? ಆಮೇಲೆ?" ಎನ್ನುತ್ತಿದ್ದರು. ಅಷ್ಟೇ. ಆ ಎರಡು ಮಾತು ನನಗೆ ಯಾಕೆ ಹೊಳೆಯಲಿಲ್ಲವೋ! ನಾನು ಚಾಕು ಸದ್ದು ಮಾಡದಂತೆ ಹೆಚ್ಚುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಆ ದಿನಗಳಲ್ಲಿ ನಮ್ಮ ಮನೆಯ ಸಾರಿಗೆ ಈರುಳ್ಳಿ ಸ್ವಲ್ಪ ಹೆಚ್ಚೇ ಬೀಳುತ್ತಿತ್ತು.

ಅಧ್ಯಕ್ಷರು ಕೆಮ್ಮುತ್ತಿದ್ದಾರೆ. ಮುಗಿಸುತ್ತೇನೆ. ಚಿತ್ರ ಸಿದ್ಧವಾಗಿದೆ. ನಾನಿನ್ನೂ ನೋಡಿಲ್ಲ, ಯಾರಿಗೂ ತೋರಿಸಿಲ್ಲ. ಬಟ್ಟೆ ಸರಿಸಬೇಕೆಂದು ರೊಹಾನಾ ಅವರಲ್ಲಿ ಕೇಳಿಕೊಳ್ಳುತ್ತೇನೆ. ಬನ್ನಿ ರೊಹಾನಾ. ಹೆದರಬೇಡಿ, ಎಳೆಯಿರಿ.

ಓ!

ನೋಡಿದಿರಾ? ನೋಡಿದಿರಾ ಹಮ್ದಾನ್? ಕಣ್ಣಿನ ಕೊನೆಯ ಸುಕ್ಕು, ಬಿಸಿಲಿಗೆ ಸುಟ್ಟ ಮೂಗು, ಹಗ್ಗ ಹಿಡಿದು ದಪ್ಪಗಾದ ಬೆರಳು, ನಗುವನ್ನು ತಡೆದಿಟ್ಟ ಆ ತುಟಿ! ಈ ಮುಖ ಇಷ್ಟು ವರ್ಷ ನಮ್ಮೆದುರಿಗೇ ಇತ್ತಲ್ಲ! ಅಳಬೇಡಿ ರೊಹಾನಾ, ಇದು ಸಂತೋಷದ ಸಮಯ. ಚಪ್ಪಾಳೆ ಬರಲಿ.

ಏನು ಫೆಲಿಸಿಯಾ? ಹಿಂದೆಯಾ? ಯಾವ ಹಿಂದೆ? ಇರು, ಕನ್ನಡಕ ಹಾಕಿಕೊಳ್ಳುತ್ತೇನೆ.

ಅದು ನಮ್ಮ ಕಿಟಕಿ. ನಮ್ಮ ಅಡುಗೆಮನೆಯ ಕಿಟಕಿ. ಅದರಲ್ಲಿ ನಿಂತಿರುವುದು...

ಕೈಯಲ್ಲಿ ಚಾಕುವಿದೆ. ತಲೆ ಒಂದು ಕಡೆ ವಾಲಿದೆ, ಕಿವಿ ಜಗಲಿಯ ಕಡೆಗಿದೆ. ಕನ್ನಡಕ ಮೂಗಿನ ತುದಿಗೆ ಜಾರಿರುವುದನ್ನೂ ಬಿಟ್ಟಿಲ್ಲ. ಚುಕ್ಕೆಯಲ್ಲ, ಪೂರ್ತಿ ಮುಖ. ಹಮ್ದಾನ್ ಅವರದಷ್ಟೇ ಪೂರ್ತಿಯಾದ ಮುಖ.

ಸಭಿಕರೇ, ಈ ಮನುಷ್ಯ ಕಾಣದ್ದನ್ನು ಬರೆಯುವುದಿಲ್ಲ ಎಂದು ಈಗಷ್ಟೇ ನಿಮಗೆ ಹೇಳಿದೆನಲ್ಲ... ಅಂದರೆ, ಅಷ್ಟೂ ದಿನ...

ನನಗೆ ಇನ್ನೂ ಒಂದಿಷ್ಟು ಮಾತು ಹೇಳುವುದಿತ್ತು, ಯಾವುದೂ ನೆನಪಾಗುತ್ತಿಲ್ಲ. ಸಭಾಂಗಣ ಕೊಟ್ಟವರಿಗೆ, ಕರಿಪಫ್ ಮಾಡಿಸಿದವರಿಗೆ, ಯಾಪ್‌ಗೆ, ಡಾಕ್ಟರಿಗೆ, ಮಳೆಗೆ, ಎಲ್ಲರಿಗೂ ಕೃತಜ್ಞತೆಗಳು. ಹಮ್ದಾನ್, ನಿಮಗೆ ದೇವರು ಒಳ್ಳೆಯದು ಮಾಡಲಿ. ಮಧ್ಯಾಹ್ನ ಮನೆಗೆ ಬರುವುದನ್ನು ಬಿಡಬೇಡಿ, ನಾನೂ ಜಗಲಿಯಲ್ಲೇ ಒಂದು ಕುರ್ಚಿ ಹಾಕಿಕೊಳ್ಳುತ್ತೇನೆ. ಮತ್ತೆ, ಬಾಗಿಲ ಪಕ್ಕ ಕೂತಿರುವವರೇ, ತಲೆ ಆಡಿಸಿದರೆ ಸಾಲದು. ಮನೆಗೆ ಹೋಗುವಾಗ ದಾರಿಯಲ್ಲಿ ಆ ಹಾಡು ಯಾವುದೆಂದು ನನಗೆ ಹೇಳಬೇಕು.

ನಮಸ್ಕಾರ.